ಕೀಲ್ ದೋಣಿ ಮರಳುದಿಬ್ಬ ದಾಟುವ ಹೊತ್ತು

ಪ್ರಶ್ನೆ: ನಮ್ಮ ಹಾಯಿದೋಣಿಯ ಕೀಲ್ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾಗ) ನೀರಿನ ಮಟ್ಟದಿಂದ 1.8 ಮೀಟರ್ ಕೆಳಗಿಳಿಯುತ್ತದೆ. ದಾಟಬೇಕಾದ ಮರಳುದಿಬ್ಬದ ಮೇಲೆ ನಕ್ಷೆಯು 0.6 ಮೀಟರ್ ಆಳ ತೋರಿಸುತ್ತದೆ. ಆ ದಿನದ ಉಬ್ಬರವಿಳಿತದ ಪಟ್ಟಿಯಲ್ಲಿ ಬೆಳಿಗ್ಗೆ 6ಕ್ಕೆ ಇಳಿತ 0.8 ಮೀಟರ್, ಮಧ್ಯಾಹ್ನ 12ಕ್ಕೆ ಉಬ್ಬರ 3.2 ಮೀಟರ್ ಎಂದಿದೆ. ಯಾವ ಅಂಕಿಯನ್ನು ಆಳವೆಂದು ಹಿಡಿಯಬೇಕು? ಎಷ್ಟು ಹೊತ್ತಿಗೆ ದಾಟಬಹುದು?

ಉತ್ತರ: ಎರಡನ್ನೂ ಕೂಡಿಸಬೇಕು. ನಕ್ಷೆಯ ಆಳವನ್ನು ನಿಗದಿತ ಆಧಾರ ಮಟ್ಟವೊಂದರಿಂದ ಕೆಳಕ್ಕೆ ಅಳೆದಿರುತ್ತಾರೆ. ಪಟ್ಟಿಯ ಎತ್ತರವನ್ನು ಸಾಮಾನ್ಯವಾಗಿ ಅದೇ ಮಟ್ಟದಿಂದ ಮೇಲಕ್ಕೆ ಎಣಿಸುತ್ತಾರೆ. ಆದ್ದರಿಂದ ದಿಬ್ಬದ ಮೇಲೆ ಇಳಿತದಲ್ಲಿ 1.4 ಮೀಟರ್, ಉಬ್ಬರದಲ್ಲಿ 3.8 ಮೀಟರ್ ನೀರಿರುತ್ತದೆ. ಆದರೆ ನಕ್ಷೆಯ ಅಂಕಿಯ ಕೆಳಗೆ ಗೆರೆ ಎಳೆದಿದೆಯೇ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಗೆರೆಯಿದ್ದರೆ ಆ ನೆಲ ಆಧಾರ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿದೆ ಎಂದರ್ಥ, ಆಗ 0.6ನ್ನು ಕೂಡಿಸದೆ ಕಳೆಯಬೇಕು, ತುಂಬಿದ ಉಬ್ಬರದಲ್ಲೂ ಸಿಗುವುದು 2.6 ಮೀಟರ್ ಮಾತ್ರ.

ಗೆರೆಯಿಲ್ಲವೆಂದಿಟ್ಟುಕೊಳ್ಳೋಣ. ಕೀಲಿನ 1.8 ಮೀಟರಿಗೆ ಅರ್ಧ ಮೀಟರ್ ಹೆಚ್ಚುವರಿ ಸೇರಿಸಿದರೆ ಬೇಕಾದ ಆಳ 2.3 ಮೀಟರ್, ಅದರಲ್ಲಿ ನಕ್ಷೆಯ 0.6 ಕಳೆದರೆ ಉಬ್ಬರದ ಎತ್ತರ 1.7 ಮೀಟರ್ ಮುಟ್ಟುವವರೆಗೆ ಕಾಯಬೇಕು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಬಳಿಕ ಎರಡು, ಕೊನೆಗೆ ಒಂದು ಪಾಲು ಏರುತ್ತದೆ. ನಿಮ್ಮ ಲೆಕ್ಕದಲ್ಲಿ ಒಂದು ಪಾಲೆಂದರೆ 0.2 ಮೀಟರ್. ಹಾಗಾಗಿ 7ಕ್ಕೆ 1.0, 8ಕ್ಕೆ 1.4, 9ಕ್ಕೆ 2.0 ಮೀಟರ್ ಆಗುತ್ತದೆ; ನಿಮಗೆ ಬೇಕಾದ 1.7 ಸಿಗುವುದು ಸುಮಾರು 8.30ಕ್ಕೆ. ಉಬ್ಬರವಿಳಿತ ಕ್ರಮಬದ್ಧವಾಗಿರುವ ಕಡೆ ಮಾತ್ರ ಈ ಸೂತ್ರವನ್ನು ನೆಚ್ಚಬಹುದು. ನದೀಮುಖಗಳಲ್ಲಿ ಆಯಾ ಬಂದರಿನ ಏರಿಳಿತದ ರೇಖೆಯನ್ನೇ ನೋಡಬೇಕು.

ಅರ್ಧ ಮೀಟರ್ ಹೆಚ್ಚುವರಿ ಅತಿಯಾಯಿತೆಂದು ಅನ್ನಿಸಬಾರದು. ಪಟ್ಟಿಯು ಮುಖ್ಯವಾಗಿ ಚಂದ್ರಸೂರ್ಯರ ಸೆಳೆತವನ್ನು ಲೆಕ್ಕ ಹಾಕಿ ಹೇಳುತ್ತದೆ, ಆ ದಿನದ ಹವೆಯನ್ನು ಅದು ಬಲ್ಲದು ಎನ್ನುವಂತಿಲ್ಲ. ವಾಯುಭಾರ ಒಂದು ಮಿಲಿಬಾರ್ ಹೆಚ್ಚಿದರೆ ನೀರಿನ ಮಟ್ಟ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ತಗ್ಗುತ್ತದೆ. ಸಾಧಾರಣ ಒತ್ತಡವಾದ 1013ರ ಬದಲು 1033 ಇರುವ ನಿರಭ್ರ ದಿನದಲ್ಲಿ 20 ಸೆಂಟಿಮೀಟರ್ ಕಡಿಮೆಯಾಗಬಹುದು. ದಡದಿಂದ ಕಡಲಿನತ್ತ ಬಲವಾಗಿ ಬೀಸುವ ಗಾಳಿ ಇನ್ನಷ್ಟು ಇಳಿಸುತ್ತದೆ. ಒಂದು ಮೀಟರ್ ಎತ್ತರದ ಅಲೆಯಿದ್ದರಂತೂ ಅಲೆಯ ತಗ್ಗಿನಲ್ಲಿ ದೋಣಿ ಸುಮಾರು ಅರ್ಧ ಮೀಟರ್ ಕೆಳಗಿಳಿಯುವುದರಿಂದ ಹೆಚ್ಚುವರಿಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಅಂಥ ದಿನ ಇನ್ನೊಂದು ಗಂಟೆ ತಡೆಯುವುದು ಒಳ್ಳೆಯದು. ಮರಳುದಿಬ್ಬ ಜಾಗ ಬದಲಿಸುವುದರಿಂದ ನಕ್ಷೆಯ ಸಮೀಕ್ಷೆ ಯಾವ ವರ್ಷದ್ದೆಂದೂ ನೋಡಬೇಕು.

ದೋಣಿಯ ಆಳಮಾಪಕ ಎಲ್ಲಿಂದ ಅಳೆಯುತ್ತದೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಕೆಲವದರಲ್ಲಿ ಕಾಣುವುದು ನೀರಿನ ಮೇಲ್ಮೈಯಿಂದ ತಳದವರೆಗಿನ ಆಳ, ಕೆಲವದರಲ್ಲಿ ಕೀಲಿನ ಕೆಳಗೆ ಉಳಿದ ನೀರು. ಶಾಂತ ನೀರಿನಲ್ಲಿ ಲಂಗರು ಹಾಕಿದಾಗ, ಅಳತೆ ಗುರುತು ಹಾಕಿದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ದೋಣಿಯ ಪಕ್ಕದಲ್ಲಿ ಇಳಿಬಿಡಿ. ಗುಂಡು ತಳ ಮುಟ್ಟಿದಾಗ ನೀರಿನ ಅಂಚಿನಲ್ಲಿರುವ ಗುರುತನ್ನು ಮಾಪಕದ ಅಂಕಿಗೆ ಹೋಲಿಸಿದರೆ ಸಂಶಯ ತೀರುತ್ತದೆ.

ಲೆಕ್ಕದ ಪ್ರಕಾರ ಮಧ್ಯಾಹ್ನ ಸುಮಾರು 3.30ರವರೆಗೂ ನೀರು ಸಾಕಾಗುತ್ತದೆ. ಆದರೂ 12ರ ಮೊದಲೇ ದಾಟಿ ಎಂಬುದು ನನ್ನ ಖಚಿತ ಸಲಹೆ. ಏರುವ ನೀರಿನಲ್ಲಿ ಕೀಲ್ ಮರಳಿಗೆ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ನೀರೇ ದೋಣಿಯನ್ನು ಎತ್ತುತ್ತದೆ. ಇಳಿಯುವಾಗ ತಾಗಿದರೆ ಮುಂದಿನ ಉಬ್ಬರದವರೆಗೆ ದೋಣಿ ವಾಲಿಕೊಂಡೇ ಇರಬೇಕಾಗುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದ ದೊಡ್ಡ ಉಬ್ಬರದ ತುದಿಯಲ್ಲಿ ಸಿಕ್ಕಿಕೊಂಡರೆ, ಅನಂತರದ ಉಬ್ಬರಗಳು ದಿನೇ ದಿನೇ ತಗ್ಗುವುದರಿಂದ, ಸುಮಾರು ಎರಡು ವಾರ ಅಲ್ಲೇ ಉಳಿಯಬೇಕಾದೀತು.