ವೆಲ್ಡಿಂಗ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಮೂರು ತಿಂಗಳು ಇದೆ, ಎಲ್ಲಿಂದ ಶುರು ಮಾಡಲಿ?

ಎಂಟು ವರ್ಷ ವೆಲ್ಡರ್ ಆಗಿ ದುಡಿದಿದ್ದೀರಿ, ಸ್ಟ್ರಕ್ಚರಲ್ ಸ್ಟೀಲ್ ಕೆಲಸ ಚೆನ್ನಾಗಿ ಗೊತ್ತು, ಮೂರು ತಿಂಗಳಲ್ಲಿ ಇನ್‌ಸ್ಪೆಕ್ಟರ್ ಪರೀಕ್ಷೆ ಇದೆ ಅಂತ ಬರೆದಿದ್ದೀರಿ. ಜೊತೆಗೆ, ಪುಸ್ತಕ ನೋಡಿಕೊಂಡು ಬರೆಯುವ ಭಾಗಕ್ಕೂ ಓದಬೇಕಾ ಅಂತ ಕೇಳಿದ್ದೀರಿ. ಓದಬೇಕು. ಎಲ್ಲಕ್ಕಿಂತ ಜಾಸ್ತಿ ಅದಕ್ಕೇ ಓದಬೇಕು. ನಾನು ಮೊದಲ ಸಲ ಫೇಲ್ ಆಗಿದ್ದು ಅಲ್ಲೇ.

ನಾನು ಬರೆದದ್ದು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಸಿಡಬ್ಲ್ಯುಐ (ಸರ್ಟಿಫೈಡ್ ವೆಲ್ಡಿಂಗ್ ಇನ್‌ಸ್ಪೆಕ್ಟರ್) ಪರೀಕ್ಷೆ. ಅದರಲ್ಲಿ ಮೂರು ಭಾಗ. ಎ ಭಾಗದಲ್ಲಿ ಮೂಲ ವಿಷಯಗಳು, ಪುಸ್ತಕ ಇರುವುದಿಲ್ಲ. ಬಿ ಭಾಗದಲ್ಲಿ ಗೇಜ್ ಹಿಡಿದು ವೆಲ್ಡ್ ಮಾದರಿಗಳನ್ನು ಅಳೆಯಬೇಕು. ಸಿ ಭಾಗಕ್ಕೆ ಕೋಡ್ ಪುಸ್ತಕ, ಅಂದರೆ ವೆಲ್ಡಿಂಗ್ ನಿಯಮಗಳ ಪುಸ್ತಕ, ತೆರೆದಿಟ್ಟುಕೊಳ್ಳಬಹುದು. ಮೂರರಲ್ಲೂ ಬೇರೆಬೇರೆಯಾಗಿ ಶೇ. 72 ಬರಬೇಕು. ಒಂದರಲ್ಲಿ ಜಾಸ್ತಿ ತೆಗೆದು ಇನ್ನೊಂದರಲ್ಲಿ ಸರಿದೂಗಿಸಲು ಆಗುವುದಿಲ್ಲ. ಕಟ್ಟಡ ನಿಯಮಗಳ ಸಂಸ್ಥೆಯಾದ ಐಸಿಸಿ (ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್) ನಡೆಸುವ ಸ್ಟ್ರಕ್ಚರಲ್ ವೆಲ್ಡಿಂಗ್, ಸ್ಟೀಲ್ ಮತ್ತು ಬೋಲ್ಟಿಂಗ್ ಪರೀಕ್ಷೆಗಳು ಪುಸ್ತಕ ತೆರೆದು ಬರೆಯುವಂಥವು. ಅವನ್ನು ಬರೆಯುವವರಿಗೂ ಕೆಳಗಿನದು ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಸಿ ಭಾಗಕ್ಕೆ ಯಾವ ಕೋಡ್ ಎಂದು ನೀವೇ ಆರಿಸಬಹುದು. ಪೈಪ್‌ಲೈನಿನ ಎಪಿಐ 1104 ತೆಳ್ಳಗಿದೆ ಅಂತ ಹಲವರು ಅದನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ಕೆಲಸ ಸ್ಟ್ರಕ್ಚರಲ್ ಆಗಿರುವಾಗ ಸ್ಟ್ರಕ್ಚರಲ್ ಸ್ಟೀಲಿನ ಕೋಡ್ ಆದ ಡಿ1.1 ತಗೊಳ್ಳಿ. ದಪ್ಪ ಪುಸ್ತಕ, ನಿಜ. ಆದರೆ ಪಾಸಾದ ಮೇಲೆ ಸೈಟಿನಲ್ಲಿ ಕೈಗೆ ಬರುವುದು ಅದೇ ಅಲ್ವಾ?

ನನ್ನ ತಪ್ಪು ಏನೆಂದರೆ, ನಾನು ಅನುಭವದಿಂದ ಉತ್ತರ ಬರೆದೆ. ತಯಾರಿಯ ಹೊತ್ತಿನ ಒಂದು ಲೆಕ್ಕ ಹೇಳುತ್ತೇನೆ. 20 ಇಂಚು ಉದ್ದದ ಫಿಲೆಟ್ ವೆಲ್ಡ್ (ಎರಡು ಪ್ಲೇಟು ಕೂಡುವ ಮೂಲೆಯಲ್ಲಿ ಹಾಕುವ ತ್ರಿಕೋನಾಕಾರದ ವೆಲ್ಡ್), ಡ್ರಾಯಿಂಗ್ ಪ್ರಕಾರ ಸೈಜ್ 1/4 ಇಂಚು. ಅದರಲ್ಲಿ ಒಂದೂವರೆ ಇಂಚಿನಷ್ಟು ಜಾಗದಲ್ಲಿ ಸೈಜ್ 3/16 ಮಾತ್ರ ಇದೆ. ಪಾಸಾ, ರಿಜೆಕ್ಟಾ? ನಾನು ಕಣ್ಣುಮುಚ್ಚಿ ರಿಜೆಕ್ಟ್ ಅಂದೆ. ಯಾಕೆಂದರೆ ನಾನು ಕೆಲಸ ಮಾಡಿದ ಕಡೆಯೆಲ್ಲ ಅಂಥದರ ಮೇಲೆ ಇನ್ನೊಂದು ಸಾಲು ವೆಲ್ಡ್ ಹಾಕಿಸುತ್ತಿದ್ದರು. ಡಿ1.1 ಹೇಳುವುದೇ ಬೇರೆ. 1/4 ಇಂಚಿನ ಫಿಲೆಟ್ 3/32 ಇಂಚಿನವರೆಗೆ ಕಡಿಮೆ ಇರಬಹುದು. ಆದರೆ ಹಾಗೆ ಕಡಿಮೆಯಾದ ಭಾಗ ವೆಲ್ಡಿನ ಉದ್ದದ ಶೇ. 10 ಮೀರಬಾರದು. ಇಲ್ಲಿ ಕೊರತೆ 1/16, ಮಿತಿ 2 ಇಂಚು, ಇರುವುದು ಒಂದೂವರೆ. ಪಾಸ್. ಅದೇ ಜಾಗ ಗರ್ಡರಿನ ವೆಬ್ (ನಡುವಿನ ನಿಂತ ಪ್ಲೇಟು) ಮತ್ತು ಫ್ಲ್ಯಾಂಜ್ (ಮೇಲೆ ಕೆಳಗಿನ ಅಡ್ಡ ಪ್ಲೇಟು) ಸೇರುವ ವೆಲ್ಡಿನ ತುದಿಯಲ್ಲಿದ್ದರೆ? ಫ್ಲ್ಯಾಂಜ್ ಅಗಲದ ಎರಡರಷ್ಟು ಉದ್ದದವರೆಗೆ ಅಲ್ಲಿ ಯಾವ ಕೊರತೆಗೂ ಅವಕಾಶವಿಲ್ಲ. ಈಗ ರಿಜೆಕ್ಟ್. ವೆಲ್ಡ್ ಅದೇ, ಜಾಗ ಬದಲಾಯಿತು, ಉತ್ತರವೂ ಬದಲಾಯಿತು.

ನಿಮಗೂ ಎಂಟು ವರ್ಷದ ಅನುಭವ ಇರುವುದರಿಂದ ಇದನ್ನೇ ಒತ್ತಿ ಹೇಳುತ್ತಿದ್ದೇನೆ. ಪ್ರಶ್ನೆ ಕೇಳುವುದು ಒಳ್ಳೆಯ ಕೆಲಸ ಯಾವುದು ಅಂತಲ್ಲ, ಪುಸ್ತಕ ಯಾವುದನ್ನು ಒಪ್ಪುತ್ತದೆ ಅಂತ.

ಇನ್ನೊಂದು ವಿಷಯ, ಟೇಬಲ್ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಗಳನ್ನು ಬಿಡಬೇಡಿ. ಕನಿಷ್ಠ ಫಿಲೆಟ್ ಸೈಜಿನ ಟೇಬಲ್ ನೋಡಿ. ಪ್ಲೇಟ್ ದಪ್ಪ 1/4 ಇಂಚಿನವರೆಗೆ ಇದ್ದರೆ 1/8. ಅದರ ಮೇಲೆ 1/2 ರವರೆಗೆ 3/16. 3/4 ರವರೆಗೆ 1/4. ಅದಕ್ಕೂ ದಪ್ಪ ಇದ್ದರೆ 5/16. ಇಷ್ಟು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಎರಡು ಪ್ಲೇಟುಗಳಲ್ಲಿ ಯಾವುದರ ದಪ್ಪ? ಉತ್ತರ ಟಿಪ್ಪಣಿಯಲ್ಲಿದೆ. ಲೋ ಹೈಡ್ರೋಜನ್ ವಿಧಾನವಾದರೆ (ವೆಲ್ಡಿಗೆ ಹೈಡ್ರೋಜನ್ ಕಡಿಮೆ ಸೇರುವಂಥದ್ದು) ತೆಳ್ಳಗಿನ ಪ್ಲೇಟು. ಅಲ್ಲದಿದ್ದರೆ, ಪ್ರೀಹೀಟ್ (ವೆಲ್ಡಿಗೆ ಮುಂಚೆ ಪ್ಲೇಟು ಬಿಸಿ ಮಾಡುವುದು) ಲೆಕ್ಕ ಹಾಕಿಲ್ಲದಿದ್ದರೆ, ದಪ್ಪಗಿನ ಪ್ಲೇಟು. 3/8 ಇಂಚು ಮತ್ತು 3/4 ಇಂಚಿನ ಪ್ಲೇಟು ಸೇರಿಸುತ್ತಿದ್ದೀರಿ ಅಂದುಕೊಳ್ಳಿ. ಲೋ ಹೈಡ್ರೋಜನ್ ರಾಡ್ ಆದ ಇ7018 ನಲ್ಲಿ 3/16 ಸಾಕು. ಲೋ ಹೈಡ್ರೋಜನ್ ಅಲ್ಲದ ಇ6010 ಆದರೆ, ಪ್ರೀಹೀಟ್ ಲೆಕ್ಕ ಇಲ್ಲದಾಗ, 1/4 ಬೇಕು. ಕಾರಣ ಗೊತ್ತಿದ್ದರೆ ಇದು ಮರೆಯುವುದೇ ಇಲ್ಲ. ದಪ್ಪ ಪ್ಲೇಟು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಸಣ್ಣ ವೆಲ್ಡ್ ಬೇಗ ತಣಿದು ಗಡುಸಾಗುತ್ತದೆ. ಅದರೊಳಗೆ ಹೈಡ್ರೋಜನ್ ಇದ್ದರೆ ಬಿರುಕು ಬಿಡುತ್ತದೆ. ಎ514 ನಂಥ ಗಟ್ಟಿ ಉಕ್ಕಿನ ವೆಲ್ಡನ್ನು ಮುಗಿದು 48 ಗಂಟೆ ಆದ ಮೇಲಿನ ತಪಾಸಣೆಯಿಂದಲೇ ಒಪ್ಪಬೇಕು ಎನ್ನುವ ನಿಯಮಕ್ಕೂ ಕಾರಣ ಇದೇ ಹೈಡ್ರೋಜನ್. ಬಿರುಕು ತಡವಾಗಿ ಬರಬಹುದು.

ಪುಸ್ತಕದ ಯಾವ ಆವೃತ್ತಿ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. 2015 ರ ಡಿ1.1 ನಲ್ಲಿ ಕಣ್ಣಿನ ತಪಾಸಣೆಯ ಟೇಬಲ್ 6.1. 2020 ರಲ್ಲಿ ಅಧ್ಯಾಯಗಳ ಸಂಖ್ಯೆ ಬದಲಾಗಿ ಅದು 8.1 ಆಯಿತು. ಹಳೆಯ ನೋಟ್ಸ್ ಹಿಡಿದು ಹೊಸ ಪುಸ್ತಕ ತೆರೆದರೆ ಸುಮ್ನೆ ಸಮಯ ಹೋಗುತ್ತದೆ. ಪುಟಗಳಿಗೆ ಗುರುತಿನ ಚೀಟಿ ಅಂಟಿಸುವ ಮುಂಚೆ ನಿಮ್ಮ ಪರೀಕ್ಷೆಯ ನಿಯಮ ಓದಿಕೊಳ್ಳಿ. ನಾನು ದಿನಾ ರಾತ್ರಿ ಹತ್ತು ಪ್ರಶ್ನೆ ಬರೆದುಕೊಂಡು, ಗಡಿಯಾರ ಇಟ್ಟುಕೊಂಡು ಹುಡುಕುತ್ತಿದ್ದೆ. ಉತ್ತರದ ಜೊತೆಗೆ ಕೋಡಿನ ಆ ಕಲಮಿನ ನಂಬರೂ ಬರೆಯುತ್ತಿದ್ದೆ. ಮೊದಲ ವಾರ ಒಂದು ಪ್ರಶ್ನೆಗೆ ಐದು ನಿಮಿಷ ಹಿಡಿಯುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಕೈ ತಾನಾಗಿಯೇ ಪುಟಕ್ಕೆ ಹೋಗುತ್ತಿತ್ತು.

ಬಿ ಭಾಗದಲ್ಲಿ ಪರೀಕ್ಷೆಯವರೇ ತಮ್ಮದೊಂದು ನಿಯಮ ಪುಸ್ತಕ ಕೊಡುತ್ತಾರೆ. ಅದರ ಮಿತಿಗಳೇ ಕೊನೆಯ ಮಾತು. ತಲೆಯಲ್ಲಿರುವ ಡಿ1.1 ರ ಅಂಕಿಗಳನ್ನು ಆ ಹೊತ್ತಿಗೆ ಬದಿಗಿಡಿ. ಗೇಜ್ ಅಭ್ಯಾಸ ಮಾತ್ರ ಕೈಯಲ್ಲೇ ಆಗಬೇಕು. ಉಬ್ಬಿದ ಫಿಲೆಟ್ ಆದರೆ ಲೆಗ್ (ಪ್ಲೇಟಿನ ಮೇಲೆ ವೆಲ್ಡ್ ಚಾಚಿದ ಬದಿಯ ಅಳತೆ) ಅಳೆಯಿರಿ. ಒಳಗೆ ತಗ್ಗಿದ ಫಿಲೆಟ್ ಆದರೆ ಥ್ರೋಟ್ (ಮೂಲೆಯಿಂದ ಮೇಲ್ಮೈಗೆ ನಡುವಿನ ದಪ್ಪ) ಅಳೆಯಿರಿ, ಅಲ್ಲಿ ಲೆಗ್ ನೋಡಿದರೆ ಮೋಸ ಹೋಗುತ್ತೀರಿ. ಲೆಗ್ ಸರಿಯಾಗಿದ್ದೂ ನಡುವೆ ಲೋಹ ಕಡಿಮೆ ಇರುತ್ತದೆ. ಮೈಕ್ರೋಮೀಟರ್ ಮತ್ತು ಅಂಡರ್‌ಕಟ್ (ವೆಲ್ಡಿನ ಅಂಚಿನಲ್ಲಿ ಪ್ಲೇಟು ಕರಗಿ ಬಿದ್ದ ತಗ್ಗು) ಆಳ ಅಳೆಯುವ ಗೇಜನ್ನು ವಾರಕ್ಕೆ ಮೂರು ಸಲವಾದರೂ ಕೈಗೆ ತಗೊಳ್ಳಿ.

ಎ ಭಾಗ ನಿಮಗೆ ಅಷ್ಟು ಕಷ್ಟವಾಗುವುದಿಲ್ಲ. ವೆಲ್ಡಿಂಗ್ ಚಿಹ್ನೆಗಳಿಗೆ ಮಾತ್ರ ಒಂದು ವಾರ ಪೂರ್ತಿ ಕೊಡಿ. ವೆಲ್ಡಿನ ಗುರುತು ಅಡ್ಡ ಗೆರೆಯ ಕೆಳಗಿದ್ದರೆ ಬಾಣ ತೋರಿಸುವ ಬದಿ, ಮೇಲಿದ್ದರೆ ಆಚೆ ಬದಿ. ಬಿಟ್ಟು ಬಿಟ್ಟು ಹಾಕುವ ವೆಲ್ಡಿನಲ್ಲಿ 2-6 ಎಂದರೆ ಉದ್ದ 2, ಒಂದು ವೆಲ್ಡಿನ ನಡುವಿನಿಂದ ಮುಂದಿನದರ ನಡುವಿಗೆ 6. ಖಾಲಿ ಜಾಗ 6 ಅಂದುಕೊಂಡು ತಪ್ಪು ಮಾಡುವವರು ತುಂಬಾ ಜನ.

ಬೋಲ್ಟಿಂಗ್ ಪರೀಕ್ಷೆಯನ್ನೂ ಬರೆಯುವುದಾದರೆ ಸ್ಟ್ರಕ್ಚರಲ್ ಬೋಲ್ಟುಗಳ ಆರ್‌ಸಿಎಸ್‌ಸಿ ನಿಯಮಗಳನ್ನು ಪೂರ್ತಿ ಓದಿ, ಪುಟಗಳು ಕಡಿಮೆ. ಟರ್ನ್ ಆಫ್ ನಟ್ (ನಟ್ಟನ್ನು ಎಷ್ಟು ಸುತ್ತು ತಿರುಗಿಸಿ ಬಿಗಿ ಮಾಡಬೇಕು ಎನ್ನುವ) ಲೆಕ್ಕ ಬಂದೇ ಬರುತ್ತದೆ ಅಂದುಕೊಂಡು ತಯಾರಾಗಿ. ಬೋಲ್ಟಿನ ಉದ್ದ ಅದರ ವ್ಯಾಸದ ನಾಲ್ಕರಷ್ಟರವರೆಗೆ ಇದ್ದರೆ 1/3 ಸುತ್ತು, ಎಂಟರಷ್ಟರವರೆಗೆ 1/2, ಹನ್ನೆರಡರಷ್ಟರವರೆಗೆ 2/3. ಇದು ಎರಡೂ ಮುಖ ಬೋಲ್ಟಿಗೆ ಲಂಬವಾಗಿ ಇದ್ದಾಗ. ಈ ಸುತ್ತಿನ ಎಣಿಕೆ ಶುರುವಾಗುವುದು ಜಾಯಿಂಟ್ ಪೂರ್ತಿ ಸ್ನಗ್ ಟೈಟ್ ಆದ, ಅಂದರೆ ಪ್ಲೇಟುಗಳು ಒಂದಕ್ಕೊಂದು ಗಟ್ಟಿಯಾಗಿ ಕೂತ ಮೇಲೆ. ಪ್ಲೇಟುಗಳು ಒಂದಕ್ಕೊಂದು ಕೂಡದೆ ಸುತ್ತು ಎಣಿಸಿದರೆ ಬೋಲ್ಟಿನಲ್ಲಿ ಬೇಕಾದಷ್ಟು ಎಳೆತ ಬರುವುದಿಲ್ಲ, ಗೆರೆ ಎಳೆದ ಗುರುತು ಮಾತ್ರ ಸರಿಯಾಗಿ ಕಾಣುತ್ತದೆ. ಹೆಚ್ಚು ಬಲದ ಎ490 ಬೋಲ್ಟನ್ನು ಬಿಚ್ಚಿ ಮತ್ತೆ ಬಳಸುವಂತಿಲ್ಲ ಎನ್ನುವುದನ್ನೂ ನೆನಪಿಡಿ.

ಮೂರು ತಿಂಗಳನ್ನು ನಾನಾದರೆ ಹೀಗೆ ಬಳಸುತ್ತೇನೆ: ಮೊದಲ ಆರು ವಾರ ದಿನಾ ಕೋಡ್, ಆಮೇಲೆ ಕೋಡ್ ಮತ್ತು ಗೇಜ್ ಒಟ್ಟಿಗೆ, ಕೊನೆಯ ಎರಡು ವಾರ ಗಡಿಯಾರ ಇಟ್ಟು ಪೂರ್ತಿ ಮಾದರಿ ಪರೀಕ್ಷೆಗಳು.

ಕಣ್ಣಿನ ಪರೀಕ್ಷೆ ಮರೆಯಬೇಡಿ. ಸಿಡಬ್ಲ್ಯುಐಗೆ 12 ಇಂಚು ದೂರದಿಂದ ಜೇಗರ್ ಜೆ2 (ಹತ್ತಿರದ ನೋಟ ಅಳೆಯುವ ಚಾರ್ಟಿನ ಸಣ್ಣ) ಅಕ್ಷರಗಳನ್ನು ಓದಬೇಕು. ಕನ್ನಡಕ ಹಾಕಿಕೊಂಡು ಓದಿದರೂ ನಡೆಯುತ್ತದೆ. ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವರು ಹತ್ತಿರದ ನೋಟ ಸ್ವಲ್ಪ ಮಂಕಾಗಿದ್ದರೂ ಗಮನಿಸಿರುವುದಿಲ್ಲ. ಈ ವಾರವೇ ತೋರಿಸಿಕೊಳ್ಳಿ, ಕನ್ನಡಕ ಬೇಕಾದರೆ ಗೇಜ್ ಓದುವ ಅಭ್ಯಾಸವೂ ಅದರಲ್ಲೇ ಆಗಲಿ.