ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ನೀರೊಳಗೆ ವಿಡಿಯೋ ತೆಗೆಯಲು ಎಂಥ ಲೈಟ್ ತಗೋಬೇಕು?

12 ಮೀಟರ್ ಆಳದಲ್ಲಿ ತೆಗೆದ ವಿಡಿಯೋ ಪೂರ್ತಿ ನೀಲಿ-ಹಸಿರಾಗಿ ಬರುತ್ತಿದೆ, ಕೈಯಲ್ಲಿರುವ 1000 ಲುಮೆನ್ (ಲೈಟ್ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಡೈವಿಂಗ್ ಟಾರ್ಚ್ ಸಾಕಾಗುತ್ತದಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಲುಮೆನ್ ಕಡಿಮೆ ಅಂತಲ್ಲ, ಅದರ ಬೆಳಕು ತೀರಾ ಕಿರಿದು. ಕಲ್ಲಿನ ಸಂದಿಯಲ್ಲಿ ಇಣುಕಿ ನೋಡೋಕೆ, ಜೊತೆಯವರಿಗೆ ಸನ್ನೆ ಮಾಡೋಕೆ ಅದು ಚೆನ್ನ. ವಿಡಿಯೋದಲ್ಲಿ ಮಾತ್ರ ನಡುವೆ ಒಂದು ಬಿಳಿ ಮಚ್ಚೆ, ಸುತ್ತ ಕತ್ತಲೆ.

ನಾನು ಲೈಟ್ ಕೊಳ್ಳುವಾಗ ಮೊದಲು ನೋಡುವುದು ಬೀಮ್, ಅಂದರೆ ಲೈಟಿನಿಂದ ಹೊರಬರುವ ಬೆಳಕಿನ ಹರವು, ಎಷ್ಟು ಅಗಲ ಅಂತ. ಇದರಲ್ಲೊಂದು ಕಿತಾಪತಿ ಇದೆ. ಡಬ್ಬಿಯ ಮೇಲೆ 120 ಡಿಗ್ರಿ ಅಂತ ಇದ್ದರೆ ಅದು ಗಾಳಿಯಲ್ಲೋ ನೀರಲ್ಲೋ ಅಂತ ಕೇಳಿ. ಚಪ್ಪಟೆ ಗಾಜಿನಿಂದ ನೀರಿಗೆ ಹೋಗುವ ಬೆಳಕು ಬಾಗುತ್ತದೆ, ಗಾಳಿಯ 120 ನೀರಲ್ಲಿ 80ರ ಆಸುಪಾಸಿಗೆ ಇಳಿಯುತ್ತದೆ. ಹಾಗಂತ ಗಾಬರಿ ಬೇಡ. ಚಪ್ಪಟೆ ಗಾಜಿನ ಹೌಸಿಂಗ್ (ನೀರು ನುಗ್ಗದ ಕವಚ) ಒಳಗಿರುವ ನಿಮ್ಮ ಕ್ಯಾಮೆರಾದ ನೋಟವೂ ಅದೇ ಕಾರಣಕ್ಕೆ ಕಿರಿದಾಗಿರುತ್ತದೆ. ಹಾಗಾಗಿ ನೀರಲ್ಲಿ 80 ಡಿಗ್ರಿ ಸಿಕ್ಕರೂ ನಡೆಯುತ್ತದೆ. ಮುಂದೆ ವೈಡ್ ವೆಟ್ ಲೆನ್ಸ್ (ಹೌಸಿಂಗ್ ಹೊರಗೆ ಕೂರಿಸಿ ನೋಟವನ್ನು ಅಗಲಿಸುವ ಲೆನ್ಸ್) ಹಾಕುವ ಯೋಚನೆ ಇದ್ದರೆ ಮಾತ್ರ ನೀರಲ್ಲೇ 100 ದಾಟುವ ಲೈಟ್ ಹುಡುಕಿ.

ಇನ್ನು ಲುಮೆನ್. ಬೀಮ್ ಅಗಲವಾದಷ್ಟೂ ಅಷ್ಟೇ ಲುಮೆನ್ ತೆಳುವಾಗಿ ಹರಡುತ್ತದೆ. ಸಣ್ಣ ಜೀವಿಗಳ ಹತ್ತಿರದ ಶಾಟ್‌ಗೆ 1000-1500 ಸಾಕು. ಒಂದು ಮೀಟರ್ ದೂರದ ಹವಳ, ದೊಡ್ಡ ಮೀನು ಅಂದರೆ 2000-2500ರ ಎರಡು ಲೈಟ್ ಬೇಕು. ಒಂದೂವರೆ ಮೀಟರ್ ಆಚೆಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ ಅಷ್ಟೇ. ಮೇಲಾಗಿ ಕೆಂಪು ಬಣ್ಣವನ್ನು ನೀರು ಎಲ್ಲಕ್ಕಿಂತ ಮೊದಲು ನುಂಗುತ್ತದೆ, ಮತ್ತು ಲೈಟಿನಿಂದ ಮೀನಿಗೆ, ಮೀನಿನಿಂದ ಲೆನ್ಸಿಗೆ ಅಂತ ಎರಡು ಸಲ ಆ ನೀರನ್ನು ದಾಟಬೇಕು, ಅಲ್ವಾ? ಇನ್ನೂ ದೊಡ್ಡ ಲೈಟ್ ತರುವುದಕ್ಕಿಂತ ಇನ್ನೂ ಹತ್ತಿರ ಹೋಗುವುದು ಲೇಸು. ಕಾಂಪ್ಯಾಕ್ಟ್ ಹತ್ತಿರದಲ್ಲೂ ಚೆನ್ನಾಗಿ ಫೋಕಸ್ ಮಾಡುತ್ತದೆ, ಅದರ ಲಾಭ ತಗೊಳ್ಳಿ.

ಲೈಟನ್ನು ಕ್ಯಾಮೆರಾ ತಲೆಯ ಮೇಲೆ ಕೂರಿಸಬೇಡಿ. ಲೆನ್ಸಿನ ಎದುರಿಗಿರುವ ಕಸಕಡ್ಡಿ, ಮರಳಿನ ಕಣ ಎಲ್ಲ ಹೊಳೆದು ಹಿಮ ಬಿದ್ದ ಹಾಗೆ ಕಾಣುತ್ತದೆ. ಬ್ಯಾಕ್‌ಸ್ಕ್ಯಾಟರ್ ಅನ್ನುವುದು ಇದನ್ನೇ. ಕ್ಯಾಮೆರಾ ಕೂರಿಸುವ ಟ್ರೇ, ಅದಕ್ಕೊಂದು ತೋಳು ಹಾಕಿ ಲೈಟನ್ನು ಪಕ್ಕಕ್ಕೆ ಚಾಚಿ, ಸ್ವಲ್ಪ ಹೊರಗೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮೀನಿನ ಮೇಲೆ ಬಿದ್ದರೆ ಸಾಕು. ಇದೊಂದನ್ನು ಸರಿಮಾಡಿದರೆ ಸಾಧಾರಣ ಲೈಟಿನಲ್ಲೂ ವಿಡಿಯೋ ಚೊಕ್ಕವಾಗಿ ಬರುತ್ತದೆ.

ಲೈಟ್ ಹಾಕಿದ ಮೇಲೆ ಕ್ಯಾಮೆರಾದ ಅಂಡರ್‌ವಾಟರ್ ಮೋಡ್ ಬಿಟ್ಟು ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಬಿಸಿಲಿಗೆ, ಅಂದರೆ 5500 ಕೆಲ್ವಿನ್ ಹತ್ತಿರಕ್ಕೆ ಇಡಿ. ಕೆಂಪು ಫಿಲ್ಟರ್ ಇದ್ದರೆ ತೆಗೆದಿಡಿ. ಅದು ಬರೀ ಸೂರ್ಯನ ಬೆಳಕಿನಲ್ಲಿ ತೆಗೆಯುವಾಗಿನ ಉಪಾಯ. ಲೈಟ್ ಜೊತೆ ಹಾಕಿದರೆ ಹತ್ತಿರದ್ದೆಲ್ಲ ಕೆಂಪಾಗುತ್ತದೆ, ಇರುವ ಬೆಳಕೂ ಕಮ್ಮಿಯಾಗುತ್ತದೆ. ಸಿಆರ್‌ಐ (ಲೈಟ್ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ರವರೆಗಿನ ಅಂಕ) 90 ದಾಟಿದ ಲೈಟ್ ಸಿಕ್ಕರೆ ಬಣ್ಣ ಚೆನ್ನ. ಅದಕ್ಕೋಸ್ಕರ ಬೀಮ್ ಅಗಲ ಬಿಟ್ಟುಕೊಡಬೇಡಿ.

ಒಂದೋ ಎರಡೋ ಅಂತಲೂ ಕೇಳಿದ್ದಿರಿ. ಒಂದು ಮೀಟರ್ ದೂರದ ಶಾಟ್‌ಗೆ ಎರಡು ಬೇಕಾದರೂ, ಸದ್ಯಕ್ಕೆ ಒಂದು ಲೈಟ್, ಎರಡು ಹಿಡಿಕೆಯ ಟ್ರೇ ತಗೊಳ್ಳಿ. ಒಂದೇ ಲೈಟಿನ ನೆರಳು ಕಿರಿಕಿರಿ ಅನಿಸಿದಾಗ ಅದೇ ಮಾಡೆಲ್‌ನ ಇನ್ನೊಂದನ್ನು ಸೇರಿಸಿ. ಬೇರೆ ಮಾಡೆಲ್ ತಂದರೆ ಎರಡು ಬದಿಗೆ ಎರಡು ಬಣ್ಣ ಬರಬಹುದು. ತಂದ ದಿನವೇ ಮನೆಯಲ್ಲಿ ಫುಲ್ ಪವರ್‌ನಲ್ಲಿ ಉರಿಸಿ ನೋಡುವ ಉತ್ಸಾಹ ಬೇಡ, ನೀರಿನ ತಂಪಿಲ್ಲದಿದ್ದರೆ ಬೇಗ ಬಿಸಿಯಾಗುತ್ತದೆ.