ವಿಲ್ಲಿ ನೆಲ್ಸನ್ ಅವರ ಹಳೆಯ ಡೆಮೊಗಳನ್ನು ಹುಡುಕಿ ಕೇಳಬೇಕಾ?

ವಿಲ್ಲಿ ನೆಲ್ಸನ್ ಅಮೆರಿಕದ ಕಂಟ್ರಿ ಸಂಗೀತದ, ಅಂದರೆ ಅಲ್ಲಿನ ಹಳ್ಳಿಗಾಡಿನ ಬೇರಿನ ಜನಪ್ರಿಯ ಸಂಗೀತದ, ಗಾಯಕರು, ಹಾಡು ಬರೆಯುವವರು. ಅವರ ಆಲ್ಬಮ್‌ಗಳೇ ರಾಶಿ ಬಿದ್ದಿವೆ, 1960ರ ದಶಕದ ಡೆಮೊಗಳನ್ನು ಯಾಕೆ ಕೇಳಬೇಕು, ಅದು ಸುಮ್ನೆ ಅಭಿಮಾನಿಗಳ ಹುಚ್ಚಲ್ವಾ ಅಂತ ಕೇಳಿದ್ದೀರಿ. ಹುಚ್ಚು ಸ್ವಲ್ಪ ಇದೆ, ಒಪ್ಪುತ್ತೇನೆ. ಆದರೂ ಕೇಳಿ. ಆ ಕಾಲದ ಅವರ ಆಲ್ಬಮ್‌ಗಳಿಗಿಂತ ಮೊದಲೇ ಕೇಳಿದರೂ ತಪ್ಪಿಲ್ಲ.

ನಮ್ಮ ಸಿನಿಮಾ ಹಾಡುಗಳಿಗೆ ಟ್ರ್ಯಾಕ್ ಹಾಡುವವರು ಇರುತ್ತಾರಲ್ಲ, ದೊಡ್ಡ ಗಾಯಕರು ಬಂದು ಹಾಡಿದ ಮೇಲೆ ಅವರ ದನಿ ಹೊರಟೇ ಹೋಗುತ್ತದೆ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದ ಡೆಮೊ ಕೂಡ ಸುಮಾರು ಹಾಗೇ. ಹಾಡು ಹೀಗಿದೆ ನೋಡಿ ಅಂತ ಗಾಯಕರಿಗೆ ತೋರಿಸುವ ಮಾದರಿ, ಅಷ್ಟೇ. ಜನ ಕೇಳಲಿ ಅಂತ ಮಾಡಿದ್ದಲ್ಲ. ಆದರೆ ಇಲ್ಲಿ ಹಾಡಿರುವುದು ಬರೆದವರೇ.

1960ರಲ್ಲಿ ವಿಲ್ಲಿ ಟೆಕ್ಸಸ್‌ನಿಂದ ನ್ಯಾಶ್‌ವಿಲ್‌ಗೆ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಒಂದು ಹಾಡನ್ನು 50 ಡಾಲರ್‌ಗೆ, ಇನ್ನೊಂದನ್ನು 150 ಡಾಲರ್‌ಗೆ ಮಾರಿಕೊಂಡು ಬಂದಿದ್ದರು. ಆ 150 ಡಾಲರ್‌ನ ಹಾಡೇ 'ನೈಟ್ ಲೈಫ್'. ಆಮೇಲೆ ಅದನ್ನು ಎಷ್ಟೋ ಜನ ಹಾಡಿದರು. ನ್ಯಾಶ್‌ವಿಲ್‌ನಲ್ಲಿ ವಿಲ್ಲಿ ಅವರಿಗೆ ಕೆಲಸ ಕೊಡಿಸಿದ್ದು ಹ್ಯಾಂಕ್ ಕಾಕ್ರನ್, ಅವರೂ ಹಾಡು ಬರೆಯುವವರೇ. ಪ್ಯಾಂಪರ್ ಮ್ಯೂಸಿಕ್ ಎಂಬ, ಹಾಡುಗಳನ್ನು ಪ್ರಕಟಿಸುವ ಕಂಪನಿಯಲ್ಲಿ ತನಗೆ ಸಿಗಬೇಕಿದ್ದ ವಾರಕ್ಕೆ 50 ಡಾಲರ್ ಏರಿಕೆಯನ್ನು ಬಿಟ್ಟುಕೊಟ್ಟು, ಅದನ್ನೇ ಇವರಿಗೆ ಸಂಬಳ ಮಾಡಿಸಿದರು. ಗುಡ್‌ಲೆಟ್ಸ್‌ವಿಲ್ ಊರಿನಲ್ಲಿದ್ದ ಆ ಕಂಪನಿಯ ಗ್ಯಾರೇಜಿನಲ್ಲಿ ಕೂತು ಗೋಡೆಗಳ ಜೊತೆ ಮಾತಾಡುವ ಹಾಡೊಂದನ್ನು ಬರೆದರು. ಅದೇ 'ಹೆಲೋ ವಾಲ್ಸ್'. 1961ರಲ್ಲಿ ಗಾಯಕ ಫ್ಯಾರನ್ ಯಂಗ್ ಹಾಡಿದ ಮೇಲೆ ಅದು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ನನಗೆ ಜಾಸ್ತಿ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ವಿಲ್ಲಿ ಈ ಹಾಡನ್ನೂ ಮಾರಲು ಹೊರಟಿದ್ದರು. ಮಾರಬೇಡ ಅಂತ ಹೇಳಿ ಸಾಲ ಕೊಟ್ಟು ಕಳಿಸಿದ್ದು ಫ್ಯಾರನ್ ಯಂಗ್ ಅವರೇ.

ಈಗ ವಿಲ್ಲಿ ಬರೆದ 'ಕ್ರೇಜಿ' ಹಾಡಿನ ವಿಷಯ. ಒಂದು ರಾತ್ರಿ ಟೂಟ್ಸೀಸ್ ಆರ್ಕಿಡ್ ಲೌಂಜ್ ಎಂಬ ಬಾರಿನಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಅವರ ಗಂಡನ ಕಿವಿಗೆ ಈ ಡೆಮೊ ಬಿತ್ತು. ಹಾಗೆ ಹಾಡು ಪ್ಯಾಟ್ಸಿ ಅವರಿಗೆ ಸಿಕ್ಕಿತು. ಡೆಮೊ ಕೇಳಿ ಅವರಿಗೆ ಕಿರಿಕಿರಿ ಆಯಿತಂತೆ. ಆ ಡೆಮೊ ಹಾಕಿ ಕೇಳಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ. ವಿಲ್ಲಿ ತಾಳದ ಮೇಲೆ ಕೂತು ಹಾಡುವುದಿಲ್ಲ. ಸಾಲನ್ನು ತಡಮಾಡಿ ಎತ್ತಿಕೊಂಡು, ಮಾತಾಡಿದ ಹಾಗೆ ಹೇಳುತ್ತಾ, ಕೊನೆಗೆ ಓಡಿಬಂದು ತಾಳ ಸೇರಿಕೊಳ್ಳುತ್ತಾರೆ. ಅದನ್ನು ಹಾಗೇ ಅನುಸರಿಸಿ ಹಾಡುವುದು ಬೇರೆಯವರಿಗೆ ಕಷ್ಟ. ಸಾಲದ್ದಕ್ಕೆ 1961ರ ಜೂನ್‌ನಲ್ಲಿ ಕಾರು ಅಪಘಾತವಾಗಿ ಪ್ಯಾಟ್ಸಿ ಅವರ ಪಕ್ಕೆಲುಬು ನೋಯುತ್ತಿತ್ತು. ಆಗಸ್ಟ್‌ನಲ್ಲಿ ವಾದ್ಯಗಳ ರೆಕಾರ್ಡಿಂಗ್ ಆಯಿತು, ಆದರೆ ಮೇಲಿನ ಸ್ವರಗಳಿಗೆ ಉಸಿರು ಸಾಲಲಿಲ್ಲ. ಕೆಲವು ವಾರ ಬಿಟ್ಟು ಬಂದು ತಮ್ಮದೇ ರೀತಿಯಲ್ಲಿ ಹಾಡಿದರು. ಆ ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಮೊದಲು ಅವರದ್ದು ಕೇಳಿ, ಆಮೇಲೆ ಡೆಮೊ ಕೇಳಿ. ಪ್ಯಾಟ್ಸಿ ದುಃಖವನ್ನು ಹಾಡುತ್ತಾರೆ. ವಿಲ್ಲಿ ತನ್ನನ್ನೇ ಬೈದುಕೊಳ್ಳುತ್ತಿರುವ ಹಾಗಿದೆ. ಮಾತುಗಳು ಅವೇ!

ಎಲ್ಲವೂ ಚಿನ್ನ ಅಂತ ಹೇಳಲಾರೆ. ಕೆಲವು ಹಾಡುಗಳು ಸಂಬಳಕ್ಕೆ ಬರೆದವು ಅಂತ ಕೇಳಿದ ಕೂಡಲೇ ಗೊತ್ತಾಗುತ್ತವೆ. ಆದರೆ ಆಮೇಲೆ ಆರ್‌ಸಿಎ ರೆಕಾರ್ಡ್ ಕಂಪನಿಯಲ್ಲಿ ವಿಲ್ಲಿ ಮಾಡಿದ ಹಲವು ರೆಕಾರ್ಡುಗಳಲ್ಲಿ ಪಿಟೀಲು, ಕೋರಸ್ ಎಲ್ಲ ಸುರಿದು ಅವರ ದನಿಯನ್ನೇ ಮುಚ್ಚಿಬಿಟ್ಟಿದ್ದಾರೆ. ಅದರ ಮುಂದೆ ಬರೀ ಗಿಟಾರ್ ಇರುವ ಡೆಮೊ ಕೇಳಿದರೆ ಕಿಟಕಿ ತೆಗೆದ ಹಾಗಾಗುತ್ತದೆ. ತಮಾಷೆ ಏನು ಗೊತ್ತಾ? 1975ರಲ್ಲಿ ಅವರು ಕೆಲವೇ ವಾದ್ಯಗಳನ್ನಿಟ್ಟುಕೊಂಡು 'ರೆಡ್ ಹೆಡೆಡ್ ಸ್ಟ್ರೇಂಜರ್' ಆಲ್ಬಮ್ ಮಾಡಿಕೊಟ್ಟಾಗ, ಕೊಲಂಬಿಯಾ ರೆಕಾರ್ಡ್ ಕಂಪನಿಯವರು ಇದು ಡೆಮೊ ಇರಬೇಕು ಅಂದುಕೊಂಡರು. ಗಾಯಕರಾಗಿ ಅವರಿಗೆ ಮೊದಲ ನಂಬರ್ ಒನ್ ಹಾಡು ಸಿಕ್ಕಿದ್ದೇ ಅದರಿಂದ.

ಕೊಳ್ಳುವಾಗ ಮಾತ್ರ ಹುಷಾರು. ಈ ಹಳೆಯ ಟೇಪುಗಳು ಬೇರೆ ಬೇರೆ ಹೆಸರಿನಲ್ಲಿ, ಅಗ್ಗದ ಸಂಗ್ರಹಗಳಾಗಿ ಬಂದಿವೆ. ಕೆಲವದರಲ್ಲಿ ಆಮೇಲೆ ವಾದ್ಯ ಸೇರಿಸಿದ್ದಾರೆ. ನಾನು ಮೊದಲು ಕೊಂಡ ಸಿಡಿ ಅಂಥದ್ದೇ. ಡ್ರಮ್ಸ್ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿತ್ತು. 2003ರಲ್ಲಿ ಶುಗರ್ ಹಿಲ್ ಕಂಪನಿ ತಂದ 'ಕ್ರೇಜಿ: ದ ಡೆಮೊ ಸೆಷನ್ಸ್' ತೆಗೆದುಕೊಳ್ಳಿ. ಕೆಲವು ಗಿಟಾರ್ ಒಂದರ ಜೊತೆ, ಕೆಲವು ಚಿಕ್ಕ ಬ್ಯಾಂಡ್ ಜೊತೆ ಇವೆ. ಅದರಲ್ಲಿ 'ಆಪರ್ಚುನಿಟಿ ಟು ಕ್ರೈ'ನಿಂದ ಶುರು ಮಾಡಿ. ರಾತ್ರಿ, ಹೆಡ್‌ಫೋನ್ ಹಾಕಿಕೊಂಡು.